ಮೇಲಿನ ಸಾಲಿನ ಹನ್ನೆರಡು ಕೀಗಳ ಕತೆ

ನಮ್ಮ ವಾರ್ಷಿಕ ಸಂಚಿಕೆಗೆ ಊರಿನ ಮಳೆ, ಕಂಬಳ, ಅಮ್ಮನ ಕೈಯಡುಗೆ ಅಂತ ಬರೆಯುವವರು ತುಂಬ ಜನ ಇದ್ದಾರೆ, ಚೆಂದವಾಗಿಯೂ ಬರೆಯುತ್ತಾರೆ. ಈ ಸಲ ಸಂಪಾದಕರು "ನೀವೂ ಎಂತಾದರೂ ಕೊಡಿ ಮಾರಾಯ್ರೇ" ಅಂದಾಗ ನನಗೆ ನೆನಪಾದದ್ದು ಬೇರೆ ವಿಷಯ. ನಾವು ದಿನಕ್ಕೆ ಒಂಬತ್ತು ಹತ್ತು ಗಂಟೆ ಕೈ ಇಟ್ಟುಕೊಂಡು ಕೂರುವ ಕೀಬೋರ್ಡು. ಅದರಲ್ಲೂ ಎಲ್ಲಕ್ಕಿಂತ ಮೇಲಿನ ಸಾಲಿನ ಎಫ್ 1ರಿಂದ ಎಫ್ 12ರ ತನಕದ ಫಂಕ್ಷನ್ ಕೀಗಳು. ನಗಬೇಡಿ. ಈ ಹನ್ನೆರಡು ಕೀಗಳಿಂದ ಒಂದು ರಾತ್ರಿ ನನ್ನ ಮರ್ಯಾದೆ ಹೋಗುವುದರಲ್ಲಿತ್ತು.

ಕೆಲವು ವರ್ಷದ ಹಿಂದಿನ ಮಾತು. ನಾನು ದುಬೈಯ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್. ಇಲ್ಲಿ 2018ರ ಜನವರಿ 1ರಿಂದ ಶೇಕಡ 5ರ ವ್ಯಾಟ್ ಬಂದದ್ದು ನಿಮಗೆ ಗೊತ್ತೇ ಇದೆ. ಅವಧಿ ಮುಗಿದ ಮೇಲೆ 28 ದಿನದೊಳಗೆ ರಿಟರ್ನ್ ಸಲ್ಲಿಸಬೇಕು, ತಪ್ಪಿದರೆ ಮೊದಲ ಸಲಕ್ಕೇ 1000 ದಿರ್ಹಮ್ ದಂಡ. ಅವತ್ತು ತಾರೀಕು 27, ರಾತ್ರಿ ಹನ್ನೊಂದು ಗಂಟೆ. ಗೋಡೌನಿನವರು ಕೊನೆ ಗಳಿಗೆಯಲ್ಲಿ ಒಂದು ಕಟ್ಟು ಸೇಲ್ಸ್ ಬಿಲ್ಲು ತಂದು ಮೇಜಿನ ಮೇಲೆ ಹಾಕಿದ್ದರು. ಅದೇ ದಿನ ಬೆಳಿಗ್ಗೆ ನಮಗೆಲ್ಲ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದರು, ಹಳೆಯ ಕಂಪ್ಯೂಟರುಗಳು ಹೋಗಿಯಾಗಿತ್ತು.

ನಮ್ಮ ಟ್ಯಾಲಿ ಇರುವುದು ಸರ್ವರಿನಲ್ಲಿ. ನೆಟ್‌ವರ್ಕ್ ಮೂಲಕ ಅದಕ್ಕೆ ಸೇರಿಕೊಂಡು ಕೆಲಸ ಮಾಡಬೇಕು. ಬಿಲ್ಲು ಕೈಗೆತ್ತಿಕೊಂಡೆ, ಕಣ್ಣು ಬಿಲ್ಲಿನ ಮೇಲೆ, ಬೆರಳು ಎಫ್ 8ರ ಮೇಲೆ. ಟ್ಯಾಲಿಯಲ್ಲಿ ಎಫ್ 8 ಒತ್ತಿದರೆ ಸೇಲ್ಸ್ ವೋಚರ್. ವೋಚರ್ ಬರಲಿಲ್ಲ. ಪರದೆಯಲ್ಲಿ ಒಂದು ವಿಮಾನದ ಚಿತ್ರ ಬಂತು, ವೈಫೈ ಹೋಯಿತು, ಟ್ಯಾಲಿಯೂ ಕಡಿದುಹೋಯಿತು. ಆ ಲ್ಯಾಪ್‌ಟಾಪಿನಲ್ಲಿ ಎಫ್ 8 ಅಂದರೆ ಏರೋಪ್ಲೇನ್ ಮೋಡ್! ಸರಿ, ಮತ್ತೆ ವೈಫೈ ಹಾಕಿ, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ಎರಡು ನಿಮಿಷದಲ್ಲಿ ಬೆರಳು ಮತ್ತೆ ತನ್ನಷ್ಟಕ್ಕೆ ಎಫ್ 8ಕ್ಕೆ ಹೋಯಿತು. ಮತ್ತೆ ವಿಮಾನ. ಮೂರನೇ ಸಲ ಹೀಗಾಗುವಾಗ ಮ್ಯಾನೇಜರು ಹಿಂದೆ ಬಂದು ನಿಂತಿದ್ದರು. "ಹೊಸ ಮೆಷಿನ್ ಕಷ್ಟ ಆಗ್ತಾ ಇದೆಯಾ? ಯಾರಾದರೂ ಹುಡುಗನನ್ನು ಕೂರಿಸಲಾ?" ಅಂತ ಹಿಂದಿಯಲ್ಲಿ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಇಪ್ಪತ್ತು ವರ್ಷ ಟ್ಯಾಲಿ ಮಾಡಿದ ಕೈಗೆ ಆ ಮಾತು ಹೇಗೆ ತಾಗಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ರಾತ್ರಿ ಮೌಸಿನಲ್ಲೇ ಒಂದೊಂದು ಕಡೆ ಕ್ಲಿಕ್ ಮಾಡಿ, ಒಂದೂವರೆಗೆ ಕೆಲಸ ಮುಗಿಸಿದೆ.

ಮಲಗಿದರೂ ನಿದ್ರೆ ಬರಲಿಲ್ಲ. ತಪ್ಪು ನನ್ನದಾ, ಕೀಯದ್ದಾ? ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಕತೆ ಇದು.

ಹೆಸರಿಲ್ಲದ ಕೀ

ಕೀಬೋರ್ಡಿನ ಉಳಿದ ಕೀಗಳಿಗೆಲ್ಲ ಒಂದು ಅರ್ಥ ಇದೆ. ಎ ಒತ್ತಿದರೆ ಎ, ಐದು ಒತ್ತಿದರೆ ಐದು. ಎಫ್ 5 ಅಂದರೆ ಎಂತದು? ಏನೂ ಇಲ್ಲ. ಐದನೇ ನಂಬರಿನ ಕೀ, ಅಷ್ಟೇ. ಅದಕ್ಕೆ ಕೆಲಸ ಕೊಡುವುದು ನಾವು ಬಳಸುವ ಪ್ರೋಗ್ರಾಮು. ಹೀಗೆ ಖಾಲಿ ಬಿಟ್ಟದ್ದು ಮರೆತು ಅಲ್ಲ, ಬೇಕೆಂದೇ.

ಎಫ್ ಅಂತ ನಂಬರು ಹಾಕಿದ ಕೀಗಳು 1965ರಷ್ಟು ಹಿಂದೆಯೇ ಫ್ಲೆಕ್ಸೊರೈಟರ್ ಎಂಬ ಟೈಪ್ ಯಂತ್ರದ ಒಂದು ಮಾದರಿಯಲ್ಲಿ ಇದ್ದವು. ಆದರೆ ಆಫೀಸುಗಳಿಗೆ ಇದರ ರೂಢಿ ಹಿಡಿಸಿದ್ದು ಐಬಿಎಂನವರ 3270 ಟರ್ಮಿನಲ್, 1971ರಲ್ಲಿ. ಆಗ ಕಂಪ್ಯೂಟರ್ ಅಂದರೆ ಎಲ್ಲೋ ಒಂದು ಎಸಿ ಕೋಣೆಯಲ್ಲಿರುವ ದೊಡ್ಡ ಮೈನ್‌ಫ್ರೇಮ್. ಬ್ಯಾಂಕು, ಇನ್ಶೂರೆನ್ಸ್ ಆಫೀಸಿನ ಗುಮಾಸ್ತರ ಎದುರು ಇರುತ್ತಿದ್ದದ್ದು ಪರದೆ ಮತ್ತು ಕೀಬೋರ್ಡ್ ಮಾತ್ರ. ಒಂದೊಂದು ಅಕ್ಷರ ಟೈಪ್ ಮಾಡಿದ ಹಾಗೆ ಅದನ್ನು ಮೈನ್‌ಫ್ರೇಮಿಗೆ ಕಳಿಸುತ್ತ ಕೂತರೆ ನಡೆಯುವುದಿಲ್ಲ. ಹಾಗಾಗಿ ಗುಮಾಸ್ತರು ಪರದೆಯ ಫಾರ್ಮ್ ಪೂರ್ತಿ ತುಂಬಿಸಿ, ಕೊನೆಗೆ ಎಂಟರ್ ಒತ್ತಬೇಕು, ಇಲ್ಲವೇ ಒಂದು ಪ್ರೋಗ್ರಾಮ್ ಫಂಕ್ಷನ್ ಕೀ ಒತ್ತಬೇಕು. ಆಗ ತುಂಬಿಸಿದ್ದೆಲ್ಲ ಒಟ್ಟಿಗೆ ಹೋಗುತ್ತದೆ, ಯಾವ ಕೀ ಒತ್ತಿದ್ದು ಅನ್ನುವುದೂ ಜೊತೆಗೆ ಹೋಗುತ್ತದೆ. ಈ ಕೀಗೆ ಮುಂದಿನ ಪುಟ, ಆ ಕೀಗೆ ವಾಪಸ್ ಅಂತ ತೀರ್ಮಾನಿಸುವುದು ಆ ಬ್ಯಾಂಕಿನ ಪ್ರೋಗ್ರಾಮು. ಕೀಬೋರ್ಡ್ ಮಾಡಿದವರು ಅದರಲ್ಲಿ ತಲೆ ಹಾಕುತ್ತಿರಲಿಲ್ಲ.

ಅದೇ ಕಾಲದಲ್ಲಿ, 1972ರಲ್ಲಿ, ಎಚ್‌ಪಿಯವರ 9830 ಅಂತ ಒಂದು ಮೇಜಿನ ಮೇಲಿಡುವ ಯಂತ್ರ ಬಂತು. ಅದರಲ್ಲೂ ಇಂತಹ ಖಾಲಿ ಕೀಗಳಿದ್ದವು. ಬಳಸುವವನೇ ಅವುಗಳಿಗೆ ಕೆಲಸ ಕೊಟ್ಟು, ಆ ಕೆಲಸದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೀಗಳ ಪಕ್ಕದಲ್ಲಿ ಇಟ್ಟುಕೊಳ್ಳಬಹುದಿತ್ತು. ಈ ಚೀಟಿಯ ವಿಷಯ ನೆನಪಿಡಿ, ಕೊನೆಗೆ ಮತ್ತೆ ಬರುತ್ತದೆ.

ಎಡಗೈಯ ಹತ್ತು ಕೀಗಳು

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದಾಗ ಅದರ ಕೀಬೋರ್ಡಿನಲ್ಲಿ 83 ಕೀಗಳು. ಫಂಕ್ಷನ್ ಕೀಗಳು ಹತ್ತು, ಅವು ಮೇಲೆ ಇರಲಿಲ್ಲ, ಎಡಬದಿಯಲ್ಲಿ ಎರಡೆರಡರ ಜೋಡಿಯಾಗಿ ಐದು ಸಾಲು. ಕಂಟ್ರೋಲ್, ಶಿಫ್ಟ್, ಆಲ್ಟ್ ಮೂರೂ ಅವುಗಳ ಪಕ್ಕದಲ್ಲೇ. ಎಡಗೈಯೊಂದರಲ್ಲೇ ಕಂಟ್ರೋಲ್ ಹಿಡಿದು ಎಫ್ 5 ಒತ್ತಬಹುದು, ಬಲಗೈ ಕಾಗದ ತಿರುಗಿಸಲಿಕ್ಕೆ ಖಾಲಿ. ಕೆಲಸ ಮಾಡುವವನ ಮೈಕಟ್ಟು ನೋಡಿ ಇಟ್ಟ ಹಾಗಿತ್ತು.

1983ರ ಜನವರಿಯಲ್ಲಿ ಲೋಟಸ್ 1-2-3 ಬಂತು. ನಮ್ಮ ಪ್ರಾಯದವರು ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಅಂತ ಕಲಿತದ್ದು ನೆನಪಿರಬಹುದು. ಲೋಟಸ್‌ನಲ್ಲಿ ಎಫ್ 2 ಒತ್ತಿದರೆ ಸೆಲ್ ತಿದ್ದುವುದು, ಎಫ್ 4 ಒತ್ತಿದರೆ ಸೂತ್ರದಲ್ಲಿ ಡಾಲರ್ ಚಿಹ್ನೆ, ಎಫ್ 5ಕ್ಕೆ ಬೇಕಾದ ಸೆಲ್‌ಗೆ ಹೋಗುವುದು, ಎಫ್ 9ಕ್ಕೆ ಮರುಲೆಕ್ಕ. ಈಗ ನಿಮ್ಮ ಎಕ್ಸೆಲ್ ತೆಗೆದು ನೋಡಿ. ಎಫ್ 2, ಎಫ್ 4, ಎಫ್ 5, ಎಫ್ 9, ನಾಲ್ಕೂ ಅದೇ ಕೆಲಸ! ಲೋಟಸ್ ಹೋಯಿತು, ಡಾಸ್ ಹೋಯಿತು, ಫ್ಲಾಪಿ ಹೋಯಿತು. ಬೆರಳಿಗೆ ಕಲಿಸಿದ ಪಾಠ ಮಾತ್ರ ನಲವತ್ತು ವರ್ಷ ದಾಟಿದರೂ ನಡೆಯುತ್ತಾ ಇದೆ.

ಇದಕ್ಕಿಂತ ದೊಡ್ಡ ಪಾಠ ಅಮೆರಿಕದ ಆಫೀಸುಗಳ ಸೆಕ್ರೆಟರಿಗಳದ್ದು. ಅಲ್ಲಿ ಎಂಬತ್ತರ ದಶಕದಲ್ಲಿ ವರ್ಡ್‌ಪರ್ಫೆಕ್ಟ್ ಎಂಬ ಪ್ರೋಗ್ರಾಮು ರಾಜ್ಯವಾಳಿತು. ಪರದೆಯಲ್ಲಿ ಮೆನು ಇಲ್ಲ, ಏನಿಲ್ಲ, ಬರೀ ಖಾಲಿ. ಹತ್ತು ಕೀಗಳು, ಒಂಟಿಯಾಗಿ ಹತ್ತು ಕೆಲಸ, ಶಿಫ್ಟ್ ಜೊತೆ ಹತ್ತು, ಆಲ್ಟ್ ಜೊತೆ ಹತ್ತು, ಕಂಟ್ರೋಲ್ ಜೊತೆ ಹತ್ತು, ಒಟ್ಟು 40. ಕೀಗಳ ಸುತ್ತ ಇಡಲಿಕ್ಕೆ ಬಣ್ಣ ಬಣ್ಣದ ಅಕ್ಷರದ ಪಟ್ಟಿ ಕೊಡುತ್ತಿದ್ದರು. ಕೆಂಪು ಅಂದರೆ ಕಂಟ್ರೋಲ್, ಹಸಿರು ಶಿಫ್ಟ್, ನೀಲಿ ಆಲ್ಟ್, ಕಪ್ಪು ಒಂಟಿ ಕೀ. ಕಲಿಯುವುದು ಕಷ್ಟ. ಕಲಿತವರಿಗೆ ಆಮೇಲೆ ಪಟ್ಟಿಯೂ ಬೇಡ, ಪರದೆಯೂ ಬೇಡ. ಅವರ ಸಂಬಳ ಇದ್ದದ್ದೇ ಆ ಬೆರಳಿನ ನೆನಪಿನಲ್ಲಿ.

ಮೇಲಿನ ಮಹಡಿಗೆ

ಫಂಕ್ಷನ್ ಕೀಗಳನ್ನು ಎಡಬದಿಯಿಂದ ಎಬ್ಬಿಸಿ ಮೇಲಿನ ಸಾಲಿಗೆ ಹಾಕಿದ ಕೀಬೋರ್ಡನ್ನು ಡಿಇಸಿ ಕಂಪನಿಯವರು 1983ರಲ್ಲೇ ತಮ್ಮ ಟರ್ಮಿನಲ್‌ಗೆ ಮಾಡಿದ್ದರು. ಐಬಿಎಂನ 101 ಕೀಗಳ ಹೊಸ ಕೀಬೋರ್ಡ್ 1986ರಲ್ಲಿ ಪಿಸಿಗಳ ಜೊತೆ ಬಂತು. ಎಫ್ 11, ಎಫ್ 12 ಸೇರಿ ಹನ್ನೆರಡು ಕೀ ಆಯಿತು. ಕಂಟ್ರೋಲ್ ಕೀ ಎ ಅಕ್ಷರದ ಪಕ್ಕದಿಂದ ಕೆಳಗಿನ ಮೂಲೆಗೆ ಹೋಯಿತು, ಅದರ ಜಾಗದಲ್ಲಿ ಕ್ಯಾಪ್ಸ್ ಲಾಕ್ ಬಂದು ಕೂತಿತು. ವರ್ಡ್‌ಸ್ಟಾರ್ ಪೂರ್ತಿ ಕಂಟ್ರೋಲ್ ಕೀ ಮೇಲೆಯೇ ನಡೆಯುತ್ತಿದ್ದದ್ದರಿಂದ ಅದನ್ನು ಬಳಸುವವರು ಬೈದುಕೊಂಡರು. ವರ್ಡ್‌ಪರ್ಫೆಕ್ಟ್‌ನವರಿಗೂ ಒಂದೇ ಕೈಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಎರಡು ಕೈ ಬೇಕಾಯಿತು.

ಅಂದರೆ, ಕೀ ಅಲ್ಲಾಡಿದಾಗ ಕೆಲಸದವರ ಕೈ ನೋಯುವುದು ಇವತ್ತು ನಿನ್ನೆಯದ್ದಲ್ಲ. ಆದರೆ ಒಂದು ವ್ಯತ್ಯಾಸ ಇದೆ. 1986ರಲ್ಲಿ ಕೀಯ ಜಾಗ ಬದಲಾಯಿತು, ಕೆಲಸ ಬದಲಾಗಲಿಲ್ಲ. ಎಫ್ 7 ಎಲ್ಲಿದ್ದರೂ ಎಫ್ 7ಏ. ನಾಲ್ಕು ನಾಲ್ಕು ಕೀಗಳ ಗುಂಪು ಮಾಡಿ ನಡುವೆ ಸಂದು ಬಿಟ್ಟದ್ದರಿಂದ, ನೋಡದೆ ತಡವಿದರೂ ಎಫ್ 5 ಎಲ್ಲಿ, ಎಫ್ 9 ಎಲ್ಲಿ ಅಂತ ಬೆರಳಿಗೆ ಗೊತ್ತಾಗುತ್ತಿತ್ತು.

ಬೆಂಗಳೂರಿನ ಎಫ್ 8, ನಮ್ಮ ಎಫ್ 11

ಅದೇ 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಅಂತ ಕಂಪನಿ ಶುರು ಮಾಡಿದರು. ತಂದೆಯ ವ್ಯಾಪಾರಕ್ಕೆ ಸರಿಯಾದ ಲೆಕ್ಕದ ಪ್ರೋಗ್ರಾಮು ಸಿಗದೆ ಮಗನೇ ಬರೆದದ್ದು. ಅದೇ ಮುಂದೆ ಟ್ಯಾಲಿ ಆಯಿತು. 1999ರಲ್ಲಿ ಕಂಪನಿಯ ಹೆಸರೂ ಟ್ಯಾಲಿ ಸೊಲ್ಯೂಷನ್ಸ್ ಆಯಿತು.

ಟ್ಯಾಲಿ ಗೊತ್ತಿದ್ದವರಿಗೆ ಈ ಮಂತ್ರ ಬಾಯಿಪಾಠ: ಎಫ್ 4 ಕಾಂಟ್ರಾ, ಎಫ್ 5 ಪೇಮೆಂಟ್, ಎಫ್ 6 ರಿಸೀಟ್, ಎಫ್ 7 ಜರ್ನಲ್, ಎಫ್ 8 ಸೇಲ್ಸ್, ಎಫ್ 9 ಪರ್ಚೇಸ್. ಬಾಯಿಪಾಠ ಅನ್ನುವುದಕ್ಕಿಂತ ಕೈಪಾಠ ಅನ್ನಬೇಕು. 2009ರ ಟ್ಯಾಲಿ ಇಆರ್‌ಪಿ 9 ಹೋಗಿ 2020ರಲ್ಲಿ ಟ್ಯಾಲಿ ಪ್ರೈಮ್ ಬಂದಾಗ ಕ್ರೆಡಿಟ್ ನೋಟ್, ಡೆಬಿಟ್ ನೋಟ್‌ಗಳ ಕೀ ಬದಲಾಯಿತು, ಈ ಆರು ಮಾತ್ರ ಬದಲಾಗಲಿಲ್ಲ. ಬದಲಾಯಿಸಿದ್ದರೆ ಎಷ್ಟು ಅಂಗಡಿಗಳಲ್ಲಿ ಲೆಕ್ಕ ತಪ್ಪುತ್ತಿತ್ತೋ! ಪುತ್ತೂರಿನ ಅಡಿಕೆ ಮಂಡಿಯಲ್ಲಿ ಕಲಿತ ಹುಡುಗ ದುಬೈಗೆ ಬಂದು ದೇರಾದ ಅಂಗಡಿಯಲ್ಲಿ ಕೂತರೆ ಭಾಷೆ ಬೇರೆ, ನಾಣ್ಯ ಬೇರೆ, ತೆರಿಗೆ ಬೇರೆ. ಎಫ್ 8 ಮಾತ್ರ ಸೇಲ್ಸ್. ನಮ್ಮಲ್ಲಿ ಎಷ್ಟು ಜನ ಈ ಆರು ಕೀಗಳನ್ನು ನಂಬಿ ವಿಮಾನ ಹತ್ತಿದ್ದೇವೆ ಲೆಕ್ಕ ಹಾಕಿ. ದೊಡ್ಡ ಕಂಪನಿಗಳಲ್ಲಿರುವವರಿಗೆ ಸ್ಯಾಪ್‌ನಲ್ಲಿ ಎಫ್ 3 ಹಿಂದಕ್ಕೆ, ಎಫ್ 8 ರನ್. ಹಳೆಯ ಎಎಸ್ 400ರಲ್ಲಿ ಕೆಲಸ ಮಾಡಿದ ಹಿರಿಯರಿಗೆ ಪರದೆಯ ಅಡಿಯಲ್ಲಿ ಎಫ್ 3 ಎಕ್ಸಿಟ್, ಎಫ್ 12 ಕ್ಯಾನ್ಸಲ್ ಅಂತ ಬರುತ್ತಿದ್ದದ್ದು ಇನ್ನೂ ಕಣ್ಣಮುಂದೆ ಇರಬಹುದು.

ಇನ್ನು ನಮ್ಮ ಕನ್ನಡ. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶ ಹೊರತಂದದ್ದು ಪರದೇಶದ ಕನ್ನಡಿಗರಿಗೆ ಎಷ್ಟು ಉಪಕಾರ ಮಾಡಿತು ಅಂತ ಈ ಸಂಚಿಕೆಗೆ ಬರೆಯುವವರೆಲ್ಲರಿಗೂ ಗೊತ್ತು. ಅದರಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಬೇಕಾದರೆ ಎಫ್ 11. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಾದರೆ ಸ್ಕ್ರೋಲ್ ಲಾಕ್. ಯಾರೂ ಮುಟ್ಟದ ಆ ಎರಡು ಮೂಲೆಯ ಕೀಗಳಲ್ಲಿ ನಮ್ಮ ಭಾಷೆಗೆ ಒಂದು ಬಾಗಿಲು ಸಿಕ್ಕಿತ್ತು. ಖಾಲಿ ಕೀಯ ಉಪಯೋಗ ಅಂದರೆ ಇದೇ ಅಲ್ವಾ? ಐಬಿಎಂನವರು ಕೀಬೋರ್ಡ್ ಮಾಡುವಾಗ ಕನ್ನಡದ ಯೋಚನೆ ಮಾಡಿರಲಿಕ್ಕಿಲ್ಲ. ಖಾಲಿ ಬಿಟ್ಟಿದ್ದರು, ಹಾಗಾಗಿ ನಮಗೂ ಜಾಗ ಸಿಕ್ಕಿತು.

ಬೆಳಕು, ಸದ್ದು, ವಿಮಾನ

ಲ್ಯಾಪ್‌ಟಾಪ್ ಬಂದ ಮೇಲೆ ಜಾಗದ ಜಗಳ ಶುರುವಾಯಿತು. ಪರದೆಯ ಬೆಳಕು, ಸದ್ದು ಹೆಚ್ಚು ಕಡಿಮೆ ಮಾಡಲಿಕ್ಕೆ ಬೇರೆ ಗುಂಡಿ ಇಡಲು ಜಾಗ ಇಲ್ಲ. ಹಾಗಾಗಿ ಎಫ್‌ಎನ್ ಅಂತ ಒಂದು ಕೀ ಇಟ್ಟು, ಅದನ್ನು ಹಿಡಿದು ಎಫ್ ಕೀ ಒತ್ತಿದರೆ ಬೆಳಕು, ಸದ್ದು ಅಂತ ಮಾಡಿದರು. ಇದು ನ್ಯಾಯವೇ. ಮನೆಯ ಯಜಮಾನ ಎಫ್ ಕೀ, ಅತಿಥಿ ಬಂದರೆ ಎಫ್‌ಎನ್ ಹಿಡಿದು ಬರಬೇಕು.

2000ದ ಆಸುಪಾಸಿನಲ್ಲಿ ಮೈಕ್ರೋಸಾಫ್ಟ್‌ನ ಕೆಲವು ಕೀಬೋರ್ಡುಗಳಲ್ಲಿ ಎಫ್ ಲಾಕ್ ಅಂತ ಒಂದು ಹೊಸ ಕೀ ಬಂತು. ಅದು ಆಫ್ ಇದ್ದರೆ ಎಫ್ ಕೀಗಳು ಹೆಲ್ಪ್, ಅನ್‌ಡೂ, ಪ್ರಿಂಟ್ ಇಂಥ ಕೆಲಸ ಮಾಡುತ್ತಿದ್ದವು. ಎಫ್ ಕೀ ಎಫ್ ಕೀ ಆಗಿರಲಿಕ್ಕೇ ಬೇರೊಂದು ಕೀ ಒತ್ತಬೇಕಾದ ಕಾಲ ಬಂತು. 2010ರ ನಂತರವಂತೂ ಅತಿಥಿಯೇ ಯಜಮಾನ. ಆಪಲ್‌ನಲ್ಲಿ ಮೊದಲೇ ಇದ್ದ ಪದ್ಧತಿ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೂ ಹಬ್ಬಿತು. ಒತ್ತಿದ ಕೂಡಲೇ ಬೆಳಕು, ಸದ್ದು, ಏರೋಪ್ಲೇನ್ ಮೋಡ್. ನಿಜವಾದ ಎಫ್ 5 ಬೇಕಾದರೆ ಎಫ್‌ಎನ್ ಹಿಡಿಯಬೇಕು. ಕೀಗಳು ಅರ್ಧ ಎತ್ತರಕ್ಕೆ ಇಳಿದವು, ಗುಂಪುಗಳ ನಡುವಿನ ಸಂದು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಕಾಣೆಯಾಯಿತು, ಸ್ಕ್ರೋಲ್ ಲಾಕ್ ಹುಡುಕಿದರೂ ಸಿಗದಾಯಿತು.

ಇನ್ನೂ ಮುಂದೆ ಹೋದವರೂ ಇದ್ದಾರೆ. 2014ರಲ್ಲಿ ಲೆನೋವೊ ತನ್ನ ಥಿಂಕ್‌ಪ್ಯಾಡ್ ಎಕ್ಸ್ 1 ಕಾರ್ಬನ್‌ನಲ್ಲಿ ಆ ಸಾಲಿನ ಕೀಗಳನ್ನೇ ಕಿತ್ತು ಮುಟ್ಟುವ ಪಟ್ಟಿಯೊಂದನ್ನು ಹಾಕಿತು. ಬಳಸುವವರು ಸುಮ್ಮನಿರಲಿಲ್ಲ, ಮರುವರ್ಷದ ಮಾದರಿಯಲ್ಲೇ ಕೀಗಳು ವಾಪಸ್ ಬಂದವು. ಅದನ್ನು ನೋಡಿಯೂ 2016ರಲ್ಲಿ ಆಪಲ್ ಮ್ಯಾಕ್‌ಬುಕ್ ಪ್ರೋದಲ್ಲಿ ಟಚ್ ಬಾರ್ ತಂದಿತು. ಎಸ್ಕೇಪ್ ಕೀಯೂ ಗಾಜಿನೊಳಗೆ ಹೋಯಿತು. 2019ರಲ್ಲಿ ಎಸ್ಕೇಪ್ ಕೀ ಹೊರಗೆ ಬಂತು, 2021ರ ಹೊಸ ಮ್ಯಾಕ್‌ಬುಕ್ ಪ್ರೋಗಳಲ್ಲಿ ಪೂರ್ತಿ ಎತ್ತರದ ಎಫ್ ಕೀಗಳೇ ವಾಪಸ್ ಬಂದವು. ಗಾಜಿನ ಮೇಲೆ ಬೆರಳಿಗೆ ಏಣು ಸಿಗುವುದಿಲ್ಲ, ಪ್ರತಿ ಸಲ ತಲೆ ತಗ್ಗಿಸಿ ನೋಡಬೇಕು. ಟೈಪಿಂಗ್ ಕ್ಲಾಸಿನಲ್ಲಿ ನಮ್ಮ ಮಾಸ್ಟರು ಕೀಗಳ ಮೇಲೆ ಕರವಸ್ತ್ರ ಹಾಸಿ "ನೋಡಬೇಡ, ಹೊಡಿ" ಅಂತ ಕಲಿಸಿದ್ದರು. ನೋಡಿದರೆ ಅದು ಕಸುಬಲ್ಲ ಅಂತ ಅವರ ಮಾತು.

ಕಂಪನಿಗಳ ವಾದವನ್ನೂ ಹೇಳಬೇಕು. ಲ್ಯಾಪ್‌ಟಾಪ್ ಕೊಳ್ಳುವ ಎಲ್ಲರೂ ಅಕೌಂಟೆಂಟ್ ಅಲ್ಲ. ಸಿನಿಮಾ ನೋಡುವ ಮನೆಯವರಿಗೆ ಎಫ್ 7ಕ್ಕಿಂತ ಸದ್ದಿನ ಗುಂಡಿಯೇ ದಿನಾ ಬೇಕು. ನನ್ನ ಮಗಳಿಗೂ ಅದೇ ಬೇಕು. ಇದರಲ್ಲಿ ತಪ್ಪಿಲ್ಲ. ನನ್ನ ತಕರಾರು ಎರಡೇ. ಒಂದು, ಬೆಳಕು ಯಾವ ಕೀ, ಸದ್ದು ಯಾವ ಕೀ ಅಂತ ಕಂಪನಿಗಳ ನಡುವೆ ಒಪ್ಪಂದ ಇಲ್ಲ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎರಡು, ಖಾಲಿ ಬಿಟ್ಟಿದ್ದ ಜಾಗಕ್ಕೆ ಕೆಲಸ ಮಾಡುವವನು ಅರ್ಥ ತುಂಬಿದ್ದ. ಆ ಜಾಗವನ್ನು ಅವನನ್ನು ಕೇಳದೆಯೇ ತೆಗೆದುಕೊಂಡರು. ಆಮೇಲೆ ಕೈ ತಡವರಿಸಿದರೆ "ಹೊಸದು ಕಲಿಯಲು ಆಗ್ತಾ ಇಲ್ಲ" ಅಂತ ಹೆಸರು ಬರುವುದು ಅವನಿಗೆ, ಕೀಗೆ ಅಲ್ಲ. ನಮ್ಮಂಥವರಿಗೆ ವೀಸಾ ನವೀಕರಣದ ವರ್ಷ ಇಂಥ ಒಂದು ಹೆಸರು ಬಂದರೆ ಅದರ ಬೆಲೆ ಎಷ್ಟು ಅಂತ ಓದುವ ನಿಮಗೆ ಗೊತ್ತು.

ಈಗ ಮಾಡಬೇಕಾದದ್ದು

ಬರೀ ಗೋಳು ಹೇಳಿ ಮುಗಿಸುವುದಿಲ್ಲ. ಮೊದಲು ಎಫ್‌ಎನ್ ಹಿಡಿದು ಎಸ್ಕೇಪ್ ಒತ್ತಿ ನೋಡಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್ ಕೀ ಮೇಲೆ ಒಂದು ಸಣ್ಣ ಬೀಗದ ಚಿತ್ರ ಇರುತ್ತದೆ. ಅದು ಇದ್ದರೆ ಅಷ್ಟರಲ್ಲೇ ಎಫ್ ಕೀಗಳು ಹಳೆಯ ದಾರಿಗೆ ಬರುತ್ತವೆ. ಬರದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ಬಯೋಸ್ ಸೆಟ್ಟಿಂಗಿಗೆ ಹೋಗಬೇಕು. ಆ್ಯಕ್ಷನ್ ಕೀ, ಹಾಟ್ ಕೀ, ಫಂಕ್ಷನ್ ಕೀ ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಿನಲ್ಲಿ ಅದನ್ನು ಇಟ್ಟಿರುತ್ತದೆ. ವಿಂಡೋಸ್ ಒಳಗೆ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಯಾಕೆಂದರೆ ಎಫ್‌ಎನ್ ಕೀಯ ಲೆಕ್ಕಾಚಾರವನ್ನು ಕೀಬೋರ್ಡಿನ ಕಡೆಯ ಚಿಪ್ಪೇ ಮುಗಿಸಿಬಿಡುತ್ತದೆ, ವಿಂಡೋಸಿಗೆ ಆ ಸುದ್ದಿಯೇ ಹೋಗುವುದಿಲ್ಲ. ಆಫೀಸಿನ ಯಂತ್ರದಲ್ಲಿ ಬಯೋಸಿಗೆ ಪಾಸ್‌ವರ್ಡ್ ಇದ್ದರೆ ಐಟಿಯವರನ್ನೇ ಕೇಳಬೇಕು. ಕೇಳಲಿಕ್ಕೆ ನಾಚಿಕೆ ಬೇಡ. ಅದೂ ಆಗದಿದ್ದರೆ ಎಫ್ ಕೀಗಳ ಮೇಲೆ ಚಿತ್ರಗಳಿಲ್ಲದ ಒಂದು ಸಾದಾ ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿ. ಕನ್ನಡ ಬರೆಯುವವರು ವಿಂಡೋಸಿನಲ್ಲೇ ಕನ್ನಡ ಸೇರಿಸಿಕೊಂಡರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ ಭಾಷೆ ಬದಲಿಸಬಹುದು, ಎಫ್ 11ರ ಹಂಗಿಲ್ಲ.

ನಾನು ಆ ರಾತ್ರಿಯ ಮರುದಿನ ರಿಟರ್ನ್ ಕಳಿಸಿದ ಮೇಲೆ ಐಟಿಯವರಿಗೆ ಬರೆದೆ. ಉತ್ತರ ಬರಲು ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಒಂದು ಬಿಳಿ ಕಾಗದವನ್ನು ಸಣ್ಣಗೆ ಉದ್ದಕ್ಕೆ ಕತ್ತರಿಸಿ, ಕಾಂಟ್ರಾ, ಪೇಮೆಂಟ್, ರಿಸೀಟ್ ಅಂತ ಕನ್ನಡದಲ್ಲೇ ಬರೆದು, ಕೊನೆಯಲ್ಲಿ "ಎಫ್‌ಎನ್ ಹಿಡಿ" ಅಂತ ಕೆಂಪಕ್ಷರದಲ್ಲಿ ಸೇರಿಸಿ, ಕೀಗಳ ಮೇಲ್ಗಡೆ ಟೇಪಿನಿಂದ ಅಂಟಿಸಿದೆ. 1972ರ ಚೀಟಿಯೇ, ಬೇರೇನಲ್ಲ. ಮ್ಯಾನೇಜರು ನೋಡಿ ನಕ್ಕರು. ಪಕ್ಕದ ಮೇಜಿನ ಮಲಯಾಳಿ ಹಿರಿಯರು ನಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೆಲ್ಲನೆ ಬಂದು, "ಇದರದ್ದು ಒಂದು ಇಂಗ್ಲಿಷಿನಲ್ಲಿ ಮಾಡಿಕೊಡ್ತೀಯಾ?" ಅಂತ ಕೇಳಿದರು. ಅವರಿಗೂ ಮೂರು ದಿನದಿಂದ ವೈಫೈ ಹೋಗುತ್ತಾ ಇತ್ತಂತೆ. ಯಾರಿಗೂ ಹೇಳಿರಲಿಲ್ಲ, ವಯಸ್ಸಾಯಿತು ಅಂದುಕೊಂಡಾರು ಅಂತ.

ಆದ್ದರಿಂದ ನನ್ನದೊಂದು ಸಲಹೆ. ಕೂಟದ ಮುಂದಿನ ಸಭೆಗೆ ಬರುವಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಬನ್ನಿ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಒಬ್ಬರದ್ದು ಒಬ್ಬರು ನೋಡಿ ಸರಿ ಮಾಡಿಕೊಳ್ಳುವ. ಬಯೋಸಿಗೆ ಹೋಗಲು ಹೆದರಿಕೆ ಇದ್ದವರಿಗೆ ನಾನಿದ್ದೇನೆ. ಕಾಗದದ ಪಟ್ಟಿ ಬೇಕಾದವರಿಗೆ ಕತ್ತರಿ, ಟೇಪು ನಾನೇ ತರುತ್ತೇನೆ.